ಡಬಲ್ ಮಾರ್ಕರ್ ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಬಂದಿದೆಯೇ? ಮೊದಲು ವಾರ ಎಣಿಸಿ

ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ ಒಂದು ಕ್ರೋಮೋಸೋಮ್ ಹೆಚ್ಚಾಗಿ ಬುದ್ಧಿಯ ಬೆಳವಣಿಗೆ ನಿಧಾನವಾಗುವಂಥ ತೊಂದರೆ ಇರುವ ಸಾಧ್ಯತೆ ಎಷ್ಟು ಎಂದು ಅಂದಾಜಿಸಲು ಎನ್‌ಟಿ ಸ್ಕ್ಯಾನೂ ಆಯಿತು, ಡಬಲ್ ಮಾರ್ಕರಿಗೆ ರಕ್ತವನ್ನೂ ಕೊಟ್ಟಾಯಿತು. ಎರಡು ದಿನ ಬಿಟ್ಟು ಶನಿವಾರ ಸಂಜೆ ವಾಟ್ಸಾಪಿಗೊಂದು ಪಿಡಿಎಫ್ ಬರುತ್ತದೆ. ತೆರೆದರೆ ಒಂದು ಗ್ರಾಫು, ಒಂದಷ್ಟು ದಶಾಂಶ ಅಂಕಿ, ನಡುವೆ ಕೆಂಪಕ್ಷರದಲ್ಲಿ ‘ಹೈ ರಿಸ್ಕ್’. ಡಾಕ್ಟರು ಸಿಗುವುದು ಸೋಮವಾರ. ಅಷ್ಟರೊಳಗೆ ಗೂಗಲ್ ಮಾಡಿ, ಅಕ್ಕನಿಗೆ ಫೋನ್ ಮಾಡಿ, ಗಂಡನ ಮೇಲೆ ರೇಗಿ, ರಾತ್ರಿಯೆಲ್ಲ ಅತ್ತೂ ಆಗಿರುತ್ತದೆ.

ಹೀಗಾದಾಗ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಹೆದರಿ ಖಚಿತವಾಗುವ ಮುಂಚೆಯೇ ಗರ್ಭಪಾತದ ಮಾತಿಗೆ ಹೋಗಿಬಿಡುತ್ತಾರೆ. ಇನ್ನು ಕೆಲವರು ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಏನೂ ಆಗಲ್ಲ ಬಿಡು’ ಎಂದು ಫೈಲನ್ನು ಬೀರುವಿಗೆ ಸೇರಿಸಿ, ಐದನೇ ತಿಂಗಳ ಸ್ಕ್ಯಾನಿಗೆ ಹೋದಾಗ ಮತ್ತೆ ತೆಗೆಯುತ್ತಾರೆ. ಇಬ್ಬರೂ ಕಳೆದುಕೊಳ್ಳುವುದು ಒಂದನ್ನೇ, ವಾರಗಳನ್ನು. ಯಾವ ಪರೀಕ್ಷೆ ಯಾವ ವಾರದಲ್ಲಿ ಆಗುತ್ತದೆ, ಉತ್ತರಕ್ಕೆ ಎಷ್ಟು ದಿನ ಬೇಕು ಎನ್ನುವುದು ತಿಳಿದಿದ್ದರೆ ಹೆದರಿಕೆ ಹೋಗುವುದಿಲ್ಲ ನಿಜ, ಆದರೆ ಕೈಕಾಲು ಆಡುತ್ತದೆ.

ವಾರದ ಲೆಕ್ಕ

ತಿಂಗಳಿನ ಲೆಕ್ಕ ಬಿಡಿ. ‘ನಾಲ್ಕನೇ ತಿಂಗಳು ನಡೀತಿದೆ’ ಎನ್ನುವುದು ಅಜ್ಜಿಗೆ ಹೇಳಲಿಕ್ಕೆ ಸಾಕು, ಇಲ್ಲಿ ಸಾಲದು. ಸ್ಕ್ಯಾನ್ ರಿಪೋರ್ಟಿನಲ್ಲಿ ಮಗುವಿನ ಉದ್ದವನ್ನು ಸಿಆರ್‌ಎಲ್ ಎಂದು ಮಿಲಿಮೀಟರಿನಲ್ಲಿ ಕೊಟ್ಟು, ಅದರ ಪಕ್ಕ ವಾರ, ದಿನ ಬರೆದಿರುತ್ತಾರೆ. ಕೊನೆಯ ಮುಟ್ಟಿನ ದಿನಾಂಕ ಸರಿಯಾಗಿ ನೆನಪಿಲ್ಲದವರಿಗೆ, ಮುಟ್ಟು ಏರುಪೇರಾಗುವವರಿಗೆ ಈ ಲೆಕ್ಕವೇ ಗಟ್ಟಿ. ಅದನ್ನು ಹಿಡಿದು ಕ್ಯಾಲೆಂಡರಿನಲ್ಲಿ ನಿಮ್ಮ 14, 16, 20, 24ನೇ ವಾರಗಳು ಯಾವ ತಾರೀಖಿಗೆ ಬರುತ್ತವೆ ಎಂದು ಗುರುತು ಹಾಕಿ.

ಈಗ ಪರೀಕ್ಷೆಗಳನ್ನು ಅದರ ಮೇಲೆ ಕೂರಿಸಿ. ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ 11 ವಾರದಿಂದ 13 ವಾರ 6 ದಿನದವರೆಗೆ. ಅದು ತಪ್ಪಿದವರಿಗೆ ಕ್ವಾಡ್ರುಪಲ್ ಮಾರ್ಕರ್ ಎಂಬ ಇನ್ನೊಂದು ರಕ್ತಪರೀಕ್ಷೆ, 15 ವಾರ ದಾಟಿದ ಮೇಲೆ. ತಾಯಿಯ ರಕ್ತದಲ್ಲಿರುವ ಮಾಸಿನ ಡಿಎನ್‌ಎ ನೋಡುವ ಎನ್‌ಐಪಿಟಿ 10 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಮಾಡಬಹುದು, ರಿಪೋರ್ಟಿಗೆ ಒಂದರಿಂದ ಎರಡು ವಾರ. ಮಾಸಿನ, ಅಂದರೆ ಪ್ಲಸೆಂಟಾದ ಚೂರು ತೆಗೆಯುವ ಸಿವಿಎಸ್ 11ರಿಂದ 14 ವಾರದೊಳಗೆ. ಮಗುವಿನ ಸುತ್ತಲಿನ ನೀರು ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್ (ಆಮ್ನಿಯೋ) 15 ವಾರ ಮುಗಿದ ಮೇಲೆ, ಸಾಮಾನ್ಯವಾಗಿ 16ರಿಂದ. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್, ಅಂದರೆ ಐದನೇ ತಿಂಗಳ ಸ್ಕ್ಯಾನ್, 18ರಿಂದ 22ರ ನಡುವೆ.

ಇದನ್ನು ಹಿಂದುಮುಂದಾಗಿ ಓದಿ ನೋಡಿ. 18ನೇ ವಾರದಲ್ಲಿ ಕ್ವಾಡ್ರುಪಲ್ ಕೊಟ್ಟು, 19ರಲ್ಲಿ ಹೈ ರಿಸ್ಕ್ ಬಂದು, ದೊಡ್ಡ ಊರಿನ ಡಾಕ್ಟರು ಸಿಗಲು ಒಂದು ವಾರ ಹಿಡಿದು, ಆಮ್ನಿಯೋ ಆಗಿ ಪೂರ್ತಿ ರಿಪೋರ್ಟು ಬರುವಷ್ಟರಲ್ಲಿ 22–23 ವಾರ ಆಗಿರುತ್ತದೆ. ಅದೇ 12ನೇ ವಾರದಲ್ಲಿ ಶುರುವಾಗಿದ್ದರೆ ನಾಲ್ಕು ದಿನ ಕೂತು ಯೋಚಿಸಲು, ಇನ್ನೊಬ್ಬ ಡಾಕ್ಟರನ್ನು ಕೇಳಲು ಜಾಗವಿರುತ್ತದೆ.

ರಿಪೋರ್ಟಿನ ಯಾವ ಸಾಲು ಓದಬೇಕು

ಒಂದು ಮಾದರಿ ತೆಗೆದುಕೊಳ್ಳೋಣ. ಊಹೆಯದೇ, ಆದರೆ ನಮ್ಮ ಲ್ಯಾಬುಗಳಿಂದ ಬರುವ ರಿಪೋರ್ಟುಗಳ ರೂಪ ಇದೇ.

ವಯಸ್ಸು 29. ಸಿಆರ್‌ಎಲ್ 62 ಮಿ.ಮೀ. ಎನ್‌ಟಿ 1.6 ಮಿ.ಮೀ. ಮೂಗಿನ ಮೂಳೆ ಕಾಣಿಸಿದೆ. ಫ್ರೀ ಬೀಟಾ ಎಚ್‌ಸಿಜಿ 2.4 ಎಂಒಎಂ. ಪ್ಯಾಪ್-ಎ 0.5 ಎಂಒಎಂ. ವಯಸ್ಸಿನ ರಿಸ್ಕ್ 1:700. ಬಯೋಕೆಮಿಕಲ್ ರಿಸ್ಕ್ 1:110. ಕಂಬೈನ್ಡ್ ರಿಸ್ಕ್ 1:320.

ಮನೆಯವರೆಲ್ಲ ನೋಡುವುದು ಕೆಂಪಾಗಿರುವ 1:110ನ್ನು. ಅದು ಫ್ರೀ ಬೀಟಾ ಎಚ್‌ಸಿಜಿ, ಪ್ಯಾಪ್-ಎ ಎಂಬ ಎರಡು ವಸ್ತುಗಳನ್ನು ಅಳೆದು ಹಾಕಿದ ಬರೀ ರಕ್ತದ ಲೆಕ್ಕ. ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದಿನ ನೀರು, ಅಂದರೆ ಎನ್‌ಟಿ, ಎಷ್ಟು ಕಂಡಿತು ಎನ್ನುವುದನ್ನೂ ಸೇರಿಸಿದಾಗ ಬರುವುದು 1:320. ನೋಡಬೇಕಾದ ಸಾಲು ಅದು. ರಕ್ತ, ಎನ್‌ಟಿ, ವಯಸ್ಸು ಮೂರೂ ಸೇರಿದ ಪರೀಕ್ಷೆ ಡೌನ್ ಸಿಂಡ್ರೋಮ್ ಇರುವ ನೂರು ಬಸಿರುಗಳಲ್ಲಿ 85ರಿಂದ 90ನ್ನು ಹಿಡಿಯುತ್ತದೆ. ಆ ಕೆಲಸದಲ್ಲಿ ತೊಂದರೆಯಿಲ್ಲದ ನೂರರಲ್ಲಿ ಸುಮಾರು ಐದು ಜನರನ್ನೂ ‘ಪಾಸಿಟಿವ್’ ಎಂದು ಸುಮ್ಮನೆ ಹೆದರಿಸುತ್ತದೆ. ಎನ್‌ಟಿ ಅಳತೆ ಸೇರಿಸದೆ ರಕ್ತವೊಂದನ್ನೇ ಕಳಿಸಿದ್ದರೆ ಅದು ಅರ್ಧ ಪರೀಕ್ಷೆ. ಲ್ಯಾಬಿಗೆ ಸ್ಕ್ಯಾನ್ ವಿವರ ಕೊಟ್ಟು ಮತ್ತೆ ಲೆಕ್ಕ ಹಾಕಿಸಿ. ಹೊಸದಾಗಿ ರಕ್ತ ಬೇಕಿಲ್ಲ.

1:320 ಎಂದರೇನು? ಮದುವೆ ಛತ್ರವೊಂದರಲ್ಲಿ ಇಂಥದೇ ರಿಪೋರ್ಟ್ ಹಿಡಿದ 320 ಬಸುರಿಯರು ಕೂತಿದ್ದಾರೆ ಅಂದುಕೊಳ್ಳಿ. ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, 319 ಜನರ ಮಗುವಿಗೆ ಇಲ್ಲ. 1:50 ಆದರೂ 49 ಜನ ಇಲ್ಲದವರೇ. ಹಾಗೆಂದು 1:50ನ್ನು ತಳ್ಳಿಹಾಕುವಂತಿಲ್ಲ, ಮುಂದಿನ ಪರೀಕ್ಷೆ ಬೇಕು. ಆದರೆ ‘ಮಗುವಿಗೆ ತೊಂದರೆ ಇದೆಯಂತೆ’ ಎಂದು ಯಾರಿಗಾದರೂ ಹೇಳಿದರೆ ಅದು ಸುಳ್ಳಾಗುತ್ತದೆ.

ಗೆರೆ ಎಳೆಯುವುದು ಮನುಷ್ಯರು. ನಮ್ಮಲ್ಲಿ ಬಹುಪಾಲು ಲ್ಯಾಬುಗಳು 1:250ರಲ್ಲಿ ಗೆರೆ ಎಳೆಯುತ್ತವೆ. ಇಂಗ್ಲೆಂಡಿನ ಎನ್‌ಎಚ್‌ಎಸ್ 1:150ರಲ್ಲಿ ಎಳೆಯುತ್ತದೆ. 1:200 ಬಂದ ಹೆಣ್ಣುಮಗಳು ಬೆಂಗಳೂರಿನಲ್ಲಿ ಹೈ ರಿಸ್ಕು, ಲಂಡನ್ನಿನಲ್ಲಿರುವ ಅವಳ ತಂಗಿಗೆ ಅದೇ ಅಂಕಿ ಬಂದರೆ ಲೋ ರಿಸ್ಕು. 1:250ರಿಂದ 1:1000ದವರೆಗಿನದನ್ನು ‘ಇಂಟರ್‌ಮೀಡಿಯೆಟ್’ ಎಂದು ಬರೆದು ಎನ್‌ಐಪಿಟಿ ಸೂಚಿಸುವ ವಾಡಿಕೆಯೂ ಈಗ ಇದೆ. ನಮ್ಮ ಮಾದರಿ ರಿಪೋರ್ಟು ಬೀಳುವುದು ಅಲ್ಲಿಗೇ.

ರಿಪೋರ್ಟಿನ ತಲೆಬರಹವನ್ನೂ ಒಮ್ಮೆ ಬೆರಳಿಟ್ಟು ಓದಿ: ಹುಟ್ಟಿದ ದಿನಾಂಕ, ತೂಕ, ಸಕ್ಕರೆ ಕಾಯಿಲೆ, ಐವಿಎಫ್, ಅವಳಿ. ಎಂಒಎಂ, ಅಂದರೆ ಅದೇ ವಾರದ ಬಸುರಿಯರ ನಡುಮಟ್ಟದ ಎಷ್ಟು ಪಟ್ಟು ಎನ್ನುವ ಅಂಕಿಯನ್ನು ಇವೆಲ್ಲದಕ್ಕೂ ಹೊಂದಿಸಿ ತೆಗೆಯುತ್ತಾರೆ. 82 ಕೆ.ಜಿ. ಬದಲು 52 ಎಂದು ಬಿದ್ದರೆ, ದಾನಿಯ ಅಂಡದ ಐವಿಎಫ್‌ನಲ್ಲಿ ದಾನಿಯ ವಯಸ್ಸಿನ ಜಾಗಕ್ಕೆ ನಿಮ್ಮ ವಯಸ್ಸು ಹಾಕಿದರೆ, ವಾರ ತಪ್ಪಿದರೆ, ಕೊನೆಯ ಅಂಕಿಯೇ ಬೇರೆ. ಕೌಂಟರಿನಲ್ಲಿ ಗಡಿಬಿಡಿಯಲ್ಲಿ ತುಂಬಿಸಿದ ಫಾರಂ ಅದು. ತಪ್ಪು ಸಿಕ್ಕರೆ ತಿದ್ದಿ ಕೊಡಬೇಕೆಂದು ಕೇಳುವುದು ನಿಮ್ಮ ಹಕ್ಕು.

ಒಂದು ಅಂಕಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಎನ್‌ಟಿ 3.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಎನ್‌ಐಪಿಟಿಯಲ್ಲಿ ನಿಲ್ಲದೆ ನೇರ ಸಿವಿಎಸ್ ಅಥವಾ ಆಮ್ನಿಯೋ ಬಗ್ಗೆ ಮಾತಾಡಬೇಕು. ಕ್ರೋಮೋಸೋಮ್ ಸರಿಯಿದ್ದರೂ ಮುಂದೆ ಮಗುವಿನ ಹೃದಯದ ಸ್ಕ್ಯಾನ್, ಅಂದರೆ ಫೀಟಲ್ ಎಕೋ ಬೇಕು. ಹಾಗೆಯೇ ಪ್ಯಾಪ್-ಎ ತೀರಾ ಕಡಿಮೆಯಿದ್ದರೆ, ಡೌನ್ ಸಿಂಡ್ರೋಮ್ ಇಲ್ಲವೆಂದಾದ ಮೇಲೂ, ‘ಮಾಸಿನ ಬಗ್ಗೆ ಇದು ಏನು ಹೇಳುತ್ತದೆ? ಬಿಪಿ, ಮಗುವಿನ ಬೆಳವಣಿಗೆ ಹೇಗೆ ನೋಡಿಕೊಳ್ಳುತ್ತೀರಿ? ಆಸ್ಪಿರಿನ್ ಬೇಕೇ?’ ಎಂದು ಕೇಳಿ. ಆ ಮಾತ್ರೆ ಕೊಡುವುದಾದರೆ 16 ವಾರದೊಳಗೆ ಶುರುವಾಗಬೇಕು. ಡೌನ್ ಸಿಂಡ್ರೋಮಿನ ಗಲಾಟೆಯಲ್ಲಿ ಈ ಪ್ರಶ್ನೆಯೇ ಮರೆತುಹೋಗುತ್ತದೆ.

ಐದನೇ ತಿಂಗಳ ಸ್ಕ್ಯಾನಿನ ಚುಕ್ಕೆ, ಗುಳ್ಳೆ

ಸ್ಕ್ಯಾನ್ ಮಾಡುವವರು ಮಾತು ನಿಲ್ಲಿಸಿ ಒಂದೇ ಜಾಗದಲ್ಲಿ ಪ್ರೋಬ್ ಆಡಿಸತೊಡಗಿದರೆ ಮಲಗಿರುವವಳ ಎದೆ ಹೊಡೆದುಕೊಳ್ಳುತ್ತದೆ. ಎಷ್ಟೋ ಸಲ ಕಾರಣ ಬರೀ ಮಗು ಬೆನ್ನು ಹಾಕಿ ಮಲಗಿರುವುದು. ‘ಹೊರಗೆ ಹೋಗಿ ಸ್ವಲ್ಪ ಓಡಾಡಿ, ಏನಾದರೂ ಸಿಹಿ ತಿಂದು ಬನ್ನಿ’ ಅನ್ನುತ್ತಾರೆ. ಕಾರಿಡಾರಿನಲ್ಲಿ ಮ್ಯಾಂಗೋ ಜ್ಯೂಸ್ ಪ್ಯಾಕೆಟ್ ಹಿಡಿದು ಅಡ್ಡಾಡುವ ಬಸುರಿಯರೆಲ್ಲ ಆ ಪೈಕಿ.

ಇನ್ನು ಕೆಲವೊಮ್ಮೆ ರಿಪೋರ್ಟಿನ ಕೊನೆಗೆ ‘ಸಾಫ್ಟ್ ಮಾರ್ಕರ್’ ಎಂದು ಬರುತ್ತದೆ. ಸಾಫ್ಟ್ ಮಾರ್ಕರ್ ಅಂಗದೋಷವಲ್ಲ. ಕ್ರೋಮೋಸೋಮ್ ತೊಂದರೆ ಇರುವ ಮಕ್ಕಳಲ್ಲಿ ತುಸು ಹೆಚ್ಚಾಗಿಯೂ, ಏನೂ ಇಲ್ಲದ ಮಕ್ಕಳಲ್ಲಿ ಧಾರಾಳವಾಗಿಯೂ ಕಾಣುವ ಗುರುತು ಅದು. ಎಲ್ಲವೂ ಒಂದೇ ತೂಕದವಲ್ಲ ಎನ್ನುವುದು ಇಲ್ಲಿ ಮುಖ್ಯ.

ಹೃದಯದಲ್ಲಿ ಬಿಳಿ ಚುಕ್ಕೆ, ರಿಪೋರ್ಟಿನಲ್ಲಿ ಇಐಎಫ್. ಆರೋಗ್ಯವಾಗಿರುವ ಮಕ್ಕಳಲ್ಲೇ ನೂರಕ್ಕೆ ಮೂರರಿಂದ ಐದರಲ್ಲಿ ಕಾಣುತ್ತದೆ, ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಹೃದಯದ ಕೆಲಸಕ್ಕೆ ಏನೂ ಮಾಡುವುದಿಲ್ಲ. ಡೌನ್ ಸ್ಕ್ರೀನಿಂಗ್ ಲೋ ರಿಸ್ಕ್ ಬಂದಿದ್ದು, ಸ್ಕ್ಯಾನಿನಲ್ಲಿ ಬೇರೇನೂ ಇಲ್ಲದಿದ್ದರೆ ಇದನ್ನು ಮರೆತುಬಿಡಬಹುದು. ‘ಮಗುವಿನ ಹಾರ್ಟಲ್ಲಿ ಏನೋ ಇದೆಯಂತೆ’ ಎಂದು ನೆಂಟರ ನಡುವೆ ಹರಡುವ ಸುದ್ದಿಗಳಲ್ಲಿ ದೊಡ್ಡ ಪಾಲು ಈ ಚುಕ್ಕೆಯದು.

ಮೆದುಳಿನಲ್ಲಿ ನೀರುಗುಳ್ಳೆ, ಕೊರಾಯ್ಡ್ ಪ್ಲೆಕ್ಸಸ್ ಸಿಸ್ಟ್. ಹೆಸರು ಕೇಳಿದರೆ ಜೀವ ಹೋಗುತ್ತದೆ. ಇದು ಇರುವುದು ಯೋಚಿಸುವ ಮೆದುಳಿನ ಭಾಗದಲ್ಲಲ್ಲ, ಮೆದುಳಿನ ಸುತ್ತಲಿನ ನೀರನ್ನು ತಯಾರಿಸುವ ಅಂಗಾಂಶದಲ್ಲಿ. ನೂರಕ್ಕೆ ಒಂದೋ ಎರಡೋ ಮಕ್ಕಳಲ್ಲಿ ಕಂಡು, ಹೆಚ್ಚಿನವು ಏಳನೇ ತಿಂಗಳ ಹೊತ್ತಿಗೆ ಮಾಯ. ಟ್ರೈಸೋಮಿ 18 ಎನ್ನುವ ಗಂಭೀರ ತೊಂದರೆಯ ಜತೆ ಇದನ್ನು ತಳುಕು ಹಾಕುವುದು ನಿಜ, ಆದರೆ ಅಂಥ ಮಗುವಿನಲ್ಲಿ ಹೃದಯ, ಕೈಬೆರಳು, ಬೆಳವಣಿಗೆ ಹೀಗೆ ಬೇರೆ ದೋಷಗಳೂ ಸಾಮಾನ್ಯವಾಗಿ ಕಾಣುತ್ತವೆ.

ಮೂತ್ರಪಿಂಡದಲ್ಲಿ ಸ್ವಲ್ಪ ನೀರು ತುಂಬಿದೆ ಎಂದರೆ 32ನೇ ವಾರದ ಸುಮಾರಿಗೆ ಇನ್ನೊಮ್ಮೆ ನೋಡಬೇಕು. ಬಹುತೇಕ ತಾನಾಗಿ ಸರಿಹೋಗುತ್ತದೆ, ಹೋಗದಿದ್ದರೆ ಹುಟ್ಟಿದ ಮೇಲೆ ಮಕ್ಕಳ ಡಾಕ್ಟರಿಗೆ ತೋರಿಸುವಂಥದ್ದು. ಕತ್ತಿನ ಹಿಂದಿನ ಚರ್ಮ 6 ಮಿ.ಮೀ. ದಾಟಿರುವುದು, ಮೂಗಿನ ಮೂಳೆ ಕಾಣದಿರುವುದು ಮಾತ್ರ ಭಾರವಾದ ಗುರುತು. ಕರುಳು ಮೂಳೆಯಷ್ಟೇ ಬೆಳ್ಳಗೆ ಕಂಡರೆ ಸೋಂಕು, ಮಗುವಿನ ಬೆಳವಣಿಗೆ ಎರಡನ್ನೂ ನೋಡಬೇಕಾಗುತ್ತದೆ. ಇಂಥವು ಬಂದರೆ, ಅಥವಾ ಒಂದಕ್ಕಿಂತ ಹೆಚ್ಚು ಗುರುತು ಒಟ್ಟಿಗೆ ಬಂದರೆ, ಹೊಟ್ಟೆಯಲ್ಲಿರುವ ಮಗುವನ್ನು ನೋಡುವ ಫೀಟಲ್ ಮೆಡಿಸಿನ್ ತಜ್ಞರ ಹತ್ತಿರ ಎರಡನೇ ಸ್ಕ್ಯಾನ್ ಆಗಲೇಬೇಕು. ಈ ತಜ್ಞರು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿಯಂಥ ಊರುಗಳಲ್ಲಿರುವುದರಿಂದ ದೂರದವರು ಮೊದಲು ರಿಪೋರ್ಟುಗಳ ಫೋಟೋ ಕಳಿಸಿ, ಯಾವ ದಿನ, ಯಾವ ಪರೀಕ್ಷೆಗೆ ತಯಾರಾಗಿ ಬರಬೇಕು ಎಂದು ಕೇಳಿಕೊಂಡೇ ಹೊರಡಿ. ಸ್ಕ್ಯಾನಿಗೆ ಒಂದು ಸಲ, ಆಮ್ನಿಯೋಗೆ ಇನ್ನೊಂದು ಸಲ ಎಂದು ರಾಯಚೂರಿನಿಂದ ಬಸ್ ಹತ್ತುವುದು ಬಸುರಿಗೂ ಕಷ್ಟ, ವಾರಗಳೂ ಹೋಗುತ್ತವೆ.

ಎನ್‌ಐಪಿಟಿ: ಬಲು ಒಳ್ಳೆಯ ಪರೀಕ್ಷೆ, ಆದರೂ ಸ್ಕ್ರೀನಿಂಗೇ

ತಾಯಿಯ ತೋಳಿನಿಂದ ತೆಗೆದ ರಕ್ತದಲ್ಲಿ ಮಾಸಿನಿಂದ ಬಂದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ, ಅವನ್ನು ಎಣಿಸುವ ಪರೀಕ್ಷೆ ಇದು. ಸ್ಕ್ರೀನಿಂಗ್ ಎಂದರೆ ಸಾಧ್ಯತೆ ಎಷ್ಟೆಂದು ಹೇಳುವುದು, ಖಚಿತ ಮಾಡುವುದಲ್ಲ. ಜಿಲ್ಲಾ ಕೇಂದ್ರಗಳ ಲ್ಯಾಬುಗಳಲ್ಲೂ ರಕ್ತ ತೆಗೆದು ಕಳಿಸುತ್ತಾರೆ. ಖರ್ಚು ಸಾವಿರಗಳಲ್ಲಿ, ಲ್ಯಾಬಿನಿಂದ ಲ್ಯಾಬಿಗೆ ಅರ್ಧಕ್ಕರ್ಧ ವ್ಯತ್ಯಾಸವಿರುವುದೂ ಉಂಟು, ಎರಡು ಕಡೆ ವಿಚಾರಿಸಿ. ಡೌನ್ ಸಿಂಡ್ರೋಮನ್ನು ನೂರಕ್ಕೆ 99ರ ಮಟ್ಟದಲ್ಲಿ ಹಿಡಿಯುತ್ತದೆ. ನಮ್ಮ 1:320ರ ತಾಯಿಗೆ ಎನ್‌ಐಪಿಟಿ ಲೋ ರಿಸ್ಕ್ ಬಂದರೆ ಉಳಿಯುವ ಸಾಧ್ಯತೆ ಹತ್ತಾರು ಸಾವಿರಕ್ಕೊಂದು. ಅವರು ನಿಶ್ಚಿಂತೆಯಾಗಿ ಅನಾಮಲಿ ಸ್ಕ್ಯಾನಿಗೆ ಕಾಯಬಹುದು. ಆ ಸ್ಕ್ಯಾನ್ ಮಾತ್ರ ಬಿಡುವಂತಿಲ್ಲ; ಬೆನ್ನುಮೂಳೆ, ಹೃದಯ, ತುಟಿ ಇವೆಲ್ಲ ಎನ್‌ಐಪಿಟಿಗೆ ಕಾಣುವುದಿಲ್ಲ.

ಪಾಸಿಟಿವ್ ಬಂದರೆ? ಇಲ್ಲೇ ಅತಿ ದೊಡ್ಡ ಅಪಾರ್ಥವಾಗುವುದು. ‘99 ಪರ್ಸೆಂಟ್ ಟೆಸ್ಟು, ಪಾಸಿಟಿವ್ ಬಂದಿದೆ, ಅಂದರೆ 99 ಪರ್ಸೆಂಟ್ ತೊಂದರೆ ಇದೆ’ ಎನ್ನುವ ಲೆಕ್ಕ ತಪ್ಪು. 40 ವರ್ಷದ ತಾಯಿಗೆ ಡೌನ್ ಸಿಂಡ್ರೋಮ್ ಪಾಸಿಟಿವ್ ಬಂದರೆ ಹತ್ತರಲ್ಲಿ ಒಂಬತ್ತು ಸಲ ನಿಜ. 25ರ ತಾಯಿಗೆ ಬಂದರೆ ನಿಜವಾಗುವುದು ಸುಮಾರು ಅರ್ಧದಷ್ಟು ಸಲ ಮಾತ್ರ, ಏಕೆಂದರೆ ಆ ವಯಸ್ಸಿನಲ್ಲಿ ತೊಂದರೆಯೇ ಅಪರೂಪ. ಡಿಎನ್‌ಎ ಬರುವುದು ಮಾಸಿನಿಂದ. ಮಾಸಿನಲ್ಲಿರುವ ದೋಷ ಮಗುವಿನಲ್ಲಿ ಇಲ್ಲದಿರಬಹುದು. ಅವಳಿಯಲ್ಲಿ ಒಂದು ಮೊದಲೇ ಕರಗಿಹೋಗಿದ್ದರೂ ಹೀಗಾಗುತ್ತದೆ. ಎನ್‌ಐಪಿಟಿ ಒಂದನ್ನೇ ನಂಬಿ ಗರ್ಭ ತೆಗೆಸುವ ತೀರ್ಮಾನಕ್ಕೆ ಯಾರೂ ಹೋಗಬಾರದು. ಯಾರಾದರೂ ಹಾಗೆ ಸಲಹೆ ಕೊಟ್ಟರೆ ಎದ್ದು ಬೇರೆ ಡಾಕ್ಟರ ಹತ್ತಿರ ಹೋಗಿ.

ಮೂರನೆಯ ಬಗೆಯ ಉತ್ತರ ‘ನೋ ಕಾಲ್’, ಅಂದರೆ ಫಲಿತಾಂಶವೇ ಇಲ್ಲ. ರಕ್ತದಲ್ಲಿ ಮಾಸಿನ ಡಿಎನ್‌ಎ ಪ್ರಮಾಣ ಸಾಲದಾಗ, ಸಾಮಾನ್ಯವಾಗಿ ನೂರಕ್ಕೆ 4ಕ್ಕಿಂತ ಕಡಿಮೆಯಿದ್ದಾಗ, ಹೀಗೆ ಬರೆಯುತ್ತಾರೆ. ಬೇಗ ರಕ್ತ ಕೊಟ್ಟವರಲ್ಲಿ, ತೂಕ ಹೆಚ್ಚಿರುವವರಲ್ಲಿ ಇದು ಹೆಚ್ಚು. ಒಂದು ಸಲ ಮತ್ತೆ ಕೊಡಬಹುದು. ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಮೊದಲೇ ಕೇಳಿಕೊಂಡಿರಿ. ಎರಡನೇ ಸಲವೂ ಬಾರದಿದ್ದರೆ ಮೂರನೆಯದಕ್ಕೆ ಕಾಯುವುದು ಬೇಡ, ಕೆಲವು ಗಂಭೀರ ಕ್ರೋಮೋಸೋಮ್ ತೊಂದರೆಗಳಲ್ಲೂ ಹೀಗೇ ಆಗುವುದರಿಂದ ವಿವರವಾದ ಸ್ಕ್ಯಾನು ಮತ್ತು ಆಮ್ನಿಯೋ ಬಗ್ಗೆ ಮಾತಾಡಿ.

ಗಂಡೋ ಹೆಣ್ಣೋ ಎಂದು ಈ ರಿಪೋರ್ಟಿನಲ್ಲಿ ಹುಡುಕುವವರಿಗೆ: ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯಿದೆ ಇದಕ್ಕೂ ಅನ್ವಯ. ಲ್ಯಾಬಿನವರು ಹೇಳುವಂತಿಲ್ಲ, ನೀವು ಕೇಳುವಂತೆಯೂ ಇಲ್ಲ.

ಸೂಜಿಯ ಪರೀಕ್ಷೆ

ಖಚಿತ ಉತ್ತರ ಬೇಕೆಂದರೆ ಆಮ್ನಿಯೋ ಅಥವಾ ಸಿವಿಎಸ್. ‘ಮಗುವಿಗೆ ಚುಚ್ಚಿಬಿಟ್ಟರೆ?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ಸ್ಕ್ಯಾನ್ ಪರದೆಯಲ್ಲಿ ಸೂಜಿಯ ತುದಿ ಬಿಳಿ ಗೆರೆಯಾಗಿ ಕಾಣುತ್ತಿರುತ್ತದೆ. ಮಗು ಇಲ್ಲದ ಕಡೆ ನೋಡಿಕೊಂಡು ತೆಳುವಾದ ಸೂಜಿ ಇಳಿಸಿ, ಸುತ್ತಲಿನ ನೀರನ್ನು 15–20 ಮಿ.ಲೀ. ತೆಗೆಯುತ್ತಾರೆ. ತಿಳಿ ಹಳದಿ ಬಣ್ಣದ ನೀರು. ಕೆಲವೇ ನಿಮಿಷದ ಕೆಲಸ, ಅರಿವಳಿಕೆ ಸಾಮಾನ್ಯವಾಗಿ ಬೇಡ. ಕಿಬ್ಬೊಟ್ಟೆ ಹಿಂಡಿದಂತೆ ಆಗಬಹುದು. ತೆಗೆದ ನೀರು ಮತ್ತೆ ತಾನಾಗಿ ತುಂಬಿಕೊಳ್ಳುತ್ತದೆ. ಅನುಭವಿಗಳ ಕೈಯಲ್ಲಿ ಈ ಪರೀಕ್ಷೆಯಿಂದಲೇ ಗರ್ಭಪಾತವಾಗುವ ಸಾಧ್ಯತೆ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. ನೂರಕ್ಕೊಂದು ಎಂಬ ಹಳೆಯ ಲೆಕ್ಕ ಇನ್ನೂ ಬಾಯಲ್ಲಿ ಓಡಾಡುತ್ತಿದೆ.

ಹೋಗುವಾಗ ಬ್ಲಡ್ ಗ್ರೂಪ್ ರಿಪೋರ್ಟ್ ಇರಲಿ. ನಿಮ್ಮದು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಅವರು ಮರೆತರೂ ನೀವು ನೆನಪಿಸಿ. ಸಹಿ ಹಾಕುವ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು, ಇದೂ ಅದೇ ಪಿಸಿಪಿಎನ್‌ಡಿಟಿ ಕಾಯಿದೆಯ ಮಾತು. ಕನ್ನಡದ ಫಾರಂ ಕೇಳಿ. ಮನೆಗೆ ಬಂದ ಮೇಲೆ ಒಂದೆರಡು ದಿನ ಭಾರ ಎತ್ತುವುದು, ಓಡಾಟ ಬೇಡ. ನೀರು ಸೋರುವುದು, ರಕ್ತ ಕಾಣುವುದು, ಜ್ವರ, ಬಿಡದ ಹೊಟ್ಟೆನೋವು ಬಂದರೆ ಆ ಹೊತ್ತಿಗೇ ಆಸ್ಪತ್ರೆಗೆ.

ಉತ್ತರ ಕಂತಿನಲ್ಲಿ ಬರುತ್ತದೆ. ಫಿಶ್ ಅಥವಾ ಕ್ಯೂಎಫ್-ಪಿಸಿಆರ್ ಎಂಬ ಬೇಗದ ಪರೀಕ್ಷೆ ಮೂರ್ನಾಲ್ಕು ದಿನದಲ್ಲಿ ಮುಖ್ಯ ಕ್ರೋಮೋಸೋಮುಗಳ ಎಣಿಕೆ ಹೇಳುತ್ತದೆ. ಎಲ್ಲ ಕ್ರೋಮೋಸೋಮುಗಳನ್ನೂ ನೋಡುವ ಪೂರ್ತಿ ಕ್ಯಾರಿಯೋಟೈಪಿಗೆ ಎರಡು ಮೂರು ವಾರ. ಇನ್ನೂ ಸೂಕ್ಷ್ಮವಾದ ಮೈಕ್ರೋಅರೇ ಮಾಡಿಸುವ ಮುಂಚೆ ಒಂದು ವಿಷಯ ತಿಳಿದಿರಲಿ: ಅದರಲ್ಲಿ ‘ವಿಯುಎಸ್’ ಎಂದು ಬರಬಹುದು, ಅಂದರೆ ಬದಲಾವಣೆಯೊಂದು ಕಂಡಿದೆ, ಅದರಿಂದ ತೊಂದರೆಯಾಗುತ್ತದೋ ಇಲ್ಲವೋ ಇವತ್ತಿಗೆ ಯಾರಿಗೂ ಹೇಳಲಾಗದು. ಹಾಗೆ ಬಂದಾಗ ತಂದೆತಾಯಿಯ ರಕ್ತವನ್ನೂ ನೋಡುತ್ತಾರೆ. ಆರೋಗ್ಯವಾಗಿರುವ ಅಪ್ಪನಲ್ಲೋ ಅಮ್ಮನಲ್ಲೋ ಅದೇ ಬದಲಾವಣೆ ಸಿಕ್ಕರೆ ಸಾಮಾನ್ಯವಾಗಿ ಸಮಾಧಾನದ ಸುದ್ದಿ.

ಮಾಡಿಸಲೇಬೇಕೆಂದಿಲ್ಲ. ‘ಹೇಗಿದ್ದರೂ ನಮ್ಮ ಮಗು’ ಎಂದು ಮೊದಲೇ ಗಟ್ಟಿಯಾಗಿರುವ ದಂಪತಿ ಸೂಜಿ ಬೇಡವೆನ್ನಬಹುದು. ಮುಂದುವರಿಸುವವರೂ ತಯಾರಾಗಲೆಂದು ಮಾಡಿಸಬಹುದು. ಪರೀಕ್ಷೆಗೆ ಬರೆಸುವ ಮುಂಚೆ ಗಂಡ ಹೆಂಡತಿ ಇಬ್ಬರೇ ಕೂತು ‘ಇದ್ದರೆ ಏನು ಮಾಡುತ್ತೇವೆ, ಇಲ್ಲದಿದ್ದರೆ ಏನು ಮಾಡುತ್ತೇವೆ’ ಎಂದು ಮಾತಾಡಿಕೊಳ್ಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಅವಸರವಿಲ್ಲ. ಮಾತೇ ಮುಂದೆ ಹೋಗುತ್ತಿಲ್ಲವೆಂದರೆ ಜೆನೆಟಿಕ್ ಕೌನ್ಸೆಲಿಂಗ್ ಇದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗದಂಥ ಕಡೆ ವಿಚಾರಿಸಿ. ಸೋದರಮಾವ, ಅತ್ತೆಮಗ ಹೀಗೆ ಸಂಬಂಧದೊಳಗೆ ಮದುವೆಯಾಗಿದ್ದರೆ ಅದನ್ನು ಅಲ್ಲಿ ಮುಚ್ಚಿಡದೆ ಹೇಳಿ. ಅದರಿಂದ ಡೌನ್ ಸಿಂಡ್ರೋಮ್ ಹೆಚ್ಚುವುದಿಲ್ಲ. ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿ ಬರುವ ಬೇರೆ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ಡಬಲ್ ಮಾರ್ಕರಾಗಲಿ ಎನ್‌ಐಪಿಟಿಯಾಗಲಿ ಅವುಗಳಿಗಾಗಿ ಇರುವ ಪರೀಕ್ಷೆಯಲ್ಲ.

ಕಾನೂನು ಎಷ್ಟು ಸಮಯ ಕೊಡುತ್ತದೆ

2021ರಲ್ಲಿ ತಿದ್ದುಪಡಿಯಾದ ಎಂಟಿಪಿ ಕಾಯಿದೆ ಪ್ರಕಾರ 20 ವಾರದವರೆಗಿನ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ನಿಯಮದಲ್ಲಿ ಹೇಳಿರುವ ಕೆಲವು ಸಂದರ್ಭಗಳಿಗೆ, ಮಗುವಿನ ಗಂಭೀರ ದೋಷವೂ ಅದರಲ್ಲಿ ಸೇರಿದೆ, ಇಬ್ಬರು ವೈದ್ಯರದು ಬೇಕು. 24 ದಾಟಿದ ಮೇಲೆ ಗಣನೀಯ ದೋಷವಿದೆಯೆಂದು ಮೆಡಿಕಲ್ ಬೋರ್ಡ್ ಹೇಳಬೇಕು. ಅರ್ಜಿ ತಲುಪಿದ ಮೂರು ದಿನದಲ್ಲಿ ಅದು ಅಭಿಪ್ರಾಯ ಕೊಡಬೇಕು. ‘24 ದಾಟಿತು, ಇನ್ನು ದಾರಿಯೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಪೂರ್ತಿ ನಿಜವಲ್ಲ. 18 ತುಂಬಿದ ಹೆಂಗಸಿನ ಸಹಿ ಸಾಕು, ಗಂಡನದೋ ಅತ್ತೆಯದೋ ಒಪ್ಪಿಗೆ ಕಾನೂನು ಕೇಳುವುದಿಲ್ಲ. ಬೇಡವೆನ್ನುವವಳನ್ನು ಒತ್ತಾಯಿಸಲೂ ಯಾರಿಗೂ ಹಕ್ಕಿಲ್ಲ. ‘ಇನ್ನೂ ಚಿಕ್ಕ ವಯಸ್ಸು, ಇದನ್ನ ತೆಗೆಸಿ ಇನ್ನೊಂದು ಮಾಡ್ಕೊಳ್ಳಿ’ ಎನ್ನುವ ಮಾತು ಕೆಲವು ಡಾಕ್ಟರ ಬಾಯಲ್ಲೂ ಬರುತ್ತದೆ. ಅದು ವೈದ್ಯಕೀಯ ಸಲಹೆಯಲ್ಲ, ಅವರ ಸ್ವಂತ ಅಭಿಪ್ರಾಯ.

ಕಾಯುವ ದಿನಗಳು

ಯಾರಿಗೆ ಹೇಳಬೇಕು ಎನ್ನುವುದನ್ನು ಮೊದಲ ದಿನವೇ ತೀರ್ಮಾನಿಸಿ. ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ತವರಿಗೆ, ಮಾರನೇ ದಿನ ಚಿಕ್ಕಪ್ಪನ ಮನೆಗೆ ತಲುಪುವ ಊರು ನಮ್ಮದು. ಅತ್ತೆ ಕೇಳಿದಾಗ ಹೇಳಲು ಒಂದು ಮಾತು ಸಿದ್ಧವಿರಲಿ: ‘ಅತ್ತೆ, ಇನ್ನೊಂದು ಟೆಸ್ಟ್ ಬರೆದಿದ್ದಾರೆ, ಅದು ಬಂದ ಮೇಲೆ ನಾವೇ ಕೂತು ಹೇಳ್ತೀವಿ.’ ಆ ಮಾತನ್ನು ಗಂಡ ಹೇಳಿದರೆ ಇನ್ನೂ ಒಳ್ಳೆಯದು; ಅವನ ಅಮ್ಮನ ಪ್ರಶ್ನೆಗಳನ್ನು ತಡೆಹಿಡಿಯುವ ಕೆಲಸ ಬಸುರಿಯ ತಲೆಗೆ ಕಟ್ಟುವುದು ಅನ್ಯಾಯ. ಸೀಮಂತಕ್ಕೆ ದಿನ ನೋಡುವ ಮಾತು ಬಂದರೆ ‘ಏಳಕ್ಕೆ ಮಾಡೋಣ ಬಿಡಿ’ ಎಂದು ಮುಂದೂಡಬಹುದು, ಯಾರೂ ಕಾರಣ ಕೇಳುವುದಿಲ್ಲ.

ಲ್ಯಾಬಿನವರಿಗೆ ಗಂಡನ ನಂಬರ್ ಕೊಟ್ಟು, ರಿಪೋರ್ಟನ್ನು ಇಬ್ಬರೂ ಜತೆಗಿರುವಾಗಲೇ ತೆರೆಯುವುದೆಂದು ಒಪ್ಪಂದ ಮಾಡಿಕೊಳ್ಳಿ. ಬಸ್ಸಿನಲ್ಲಿ, ಆಫೀಸಿನ ಮೀಟಿಂಗ್ ನಡುವೆ ನೋಡುವಂಥದ್ದಲ್ಲ ಅದು. ಪ್ರಶ್ನೆ ಹೊಳೆದಾಗಲೆಲ್ಲ ಗೂಗಲ್ ಮಾಡದೆ ಒಂದು ಚೀಟಿಯಲ್ಲಿ ಬರೆದಿಡಿ. ಡಾಕ್ಟರ ಮುಂದೆ ಅದೇ ಚೀಟಿ ಓದಿ, ಉತ್ತರವನ್ನು ಜತೆಗಿದ್ದವರು ಬರೆದುಕೊಳ್ಳಲಿ. ಕೆಲಸಕ್ಕೆ ಹೋಗುವವರು ಹೋಗುವುದೇ ಮೇಲು ಎಂದು ನನಗನ್ನಿಸುತ್ತದೆ, ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ.

ಕಾರಣ ಹುಡುಕುವುದೂ ಈ ದಿನಗಳಲ್ಲೇ ಶುರುವಾಗುವುದು. ಗ್ರಹಣದ ದಿನ ಈಳಿಗೆ ಹಿಡಿದೆ, ಪಪ್ಪಾಯಿ ತಿಂದೆ, ಸ್ಕೂಟರಿನಲ್ಲಿ ಓಡಾಡಿದೆ, ಬಸುರಿ ಎಂದು ಗೊತ್ತಾಗುವ ಮುಂಚೆ ಜ್ವರದ ಮಾತ್ರೆ ನುಂಗಿದೆ. ಡೌನ್ ಸಿಂಡ್ರೋಮಿನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಾಗಿರುತ್ತದೆ. ಆ ಎಣಿಕೆ ತಪ್ಪುವುದು ಬಹುಪಾಲು ಅಂಡ ಬಲಿಯುವ ಹಂತದಲ್ಲೇ, ಗರ್ಭ ನಿಲ್ಲುವ ಮುಂಚೆ. ಗ್ರಹಣ, ಪಪ್ಪಾಯಿ, ಸ್ಕೂಟರು ಎಲ್ಲ ಆಮೇಲಿನವು. ಮನೆಯಲ್ಲಿ ಯಾರಾದರೂ ಸೊಸೆಯತ್ತ ಬೆರಳು ತೋರಿಸಿದರೆ ಈ ವಾಕ್ಯ ಓದಿ ಹೇಳಿ.

ನಿದ್ದೆ, ಊಟ ಬಿಟ್ಟು ವಾರಗಳು ಕಳೆಯುತ್ತಿದ್ದರೆ, ಬದುಕೇ ಬೇಡ ಎನ್ನಿಸಿದರೆ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಬಸುರಿ, ಬಾಣಂತಿಯರಿಗೆಂದೇ ಮಾನಸಿಕ ಆರೋಗ್ಯದ ಸೇವೆಯಿದೆ.

ಉತ್ತರ ಬಂದ ಮೇಲೆ

ನಾರ್ಮಲ್ ಬಂದರೆ ಕುಣಿಯಬೇಕು ಎಂದುಕೊಂಡಿರುತ್ತೀರಿ, ಎಷ್ಟೋ ಜನರಿಗೆ ಸುಮ್ಮನೆ ಸುಸ್ತಾಗುತ್ತದೆ. ಹೆರಿಗೆಯಾಗುವವರೆಗೂ ಪ್ರತಿ ಸ್ಕ್ಯಾನಿಗೆ ಕೈ ತಣ್ಣಗಾಗುವುದೂ ಉಂಟು. ಅದು ಇಳಿಯಲು ಹೊತ್ತು ಹಿಡಿಯುತ್ತದೆ.

ಡೌನ್ ಸಿಂಡ್ರೋಮ್ ಖಚಿತವಾಗಿ, ಮುಂದುವರಿಸುವ ತೀರ್ಮಾನ ಮಾಡಿದರೆ ಮೊದಲ ಕೆಲಸ ಫೀಟಲ್ ಎಕೋ. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೃದಯದ ತೊಂದರೆ ಇರುತ್ತದೆ, ಅದರಲ್ಲಿ ಬಹಳಷ್ಟನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಹೆರಿಗೆ ಎಲ್ಲಿ ಎನ್ನುವುದು ಅದರ ಮೇಲೆ ನಿಲ್ಲುತ್ತದೆ. ತವರಿನ ಹತ್ತಿರದ ನರ್ಸಿಂಗ್ ಹೋಮ್ ಸಾಲದೆ ಹೋಗಬಹುದು. ಇಂಥ ಮಗುವನ್ನು ಬೆಳೆಸುತ್ತಿರುವ ಒಂದು ಮನೆಗೆ ಹೆರಿಗೆಗೆ ಮುಂಚೆಯೇ ಹೋಗಿ ಬನ್ನಿ, ಡಾಕ್ಟರು ಪರಿಚಯ ಮಾಡಿಸಬಲ್ಲರು. ಬೌದ್ಧಿಕ ವಿಕಲಚೇತನ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ.

ನಿಲ್ಲಿಸುವ ತೀರ್ಮಾನ ಮಾಡಿದವರಿಗೆ ಆಸ್ಪತ್ರೆಯಲ್ಲಿ ಅನೇಕ ಸಲ ಯಾರೂ ಹೇಳದ ಒಂದು ಸಂಗತಿ: ಐದನೇ ತಿಂಗಳ ಸುಮಾರಿಗೆ ಗರ್ಭ ಹೋದರೂ ಎರಡು ಮೂರು ದಿನಕ್ಕೆ ಎದೆಹಾಲು ಬರಬಹುದು. ಮೊದಲೇ ಗೊತ್ತಿಲ್ಲದವರಿಗೆ ಅದು ಎರಡನೇ ಪೆಟ್ಟು. ಹಾಲು ನಿಲ್ಲಿಸುವ ಮಾತ್ರೆಯಿದೆ, ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ. ಮಗುವಿನ ಪರೀಕ್ಷೆ, ಮಾಸಿನ ಪರೀಕ್ಷೆ ಮಾಡಿಸುತ್ತೀರಾ ಎಂದು ಅವರು ಕೇಳಿದರೆ, ಮನಸ್ಸು ಒಪ್ಪಿದರೆ ಹೂಂ ಅನ್ನಿ. ಸ್ಕ್ಯಾನಿನಲ್ಲಿ ಕಾಣದ ಕಾರಣ ಅಲ್ಲಿ ಸಿಗುವುದುಂಟು.

ಮುಂದುವರಿಸಿದರೂ ನಿಲ್ಲಿಸಿದರೂ ಕ್ಯಾರಿಯೋಟೈಪ್ ರಿಪೋರ್ಟನ್ನು ತಾಯಿ ಕಾರ್ಡಿನ ಜತೆ ಜೋಪಾನವಾಗಿಡಿ. ಡೌನ್ ಸಿಂಡ್ರೋಮಿನಲ್ಲಿ ನೂರಕ್ಕೆ 95ರಷ್ಟು ಮಾಮೂಲಿ ಟ್ರೈಸೋಮಿ, ಅಂದರೆ ಮೂರನೇ 21ನೇ ಕ್ರೋಮೋಸೋಮ್ ಬಿಡಿಯಾಗಿಯೇ ಇರುವುದು; ಮತ್ತೆ ಬರುವ ಸಾಧ್ಯತೆ ಚಿಕ್ಕ ವಯಸ್ಸಿನವರಲ್ಲಿ ನೂರಕ್ಕೊಂದರ ಆಸುಪಾಸು. ರಿಪೋರ್ಟಿನಲ್ಲಿ ‘ಟ್ರಾನ್ಸ್‌ಲೊಕೇಶನ್’, ಅಂದರೆ ಅದು ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿದೆ ಎಂದಿದ್ದರೆ ಮಾತ್ರ ಮುಂದಿನ ಬಸಿರಿಗೆ ಮುಂಚೆ ಗಂಡ ಹೆಂಡತಿ ಇಬ್ಬರ ರಕ್ತಪರೀಕ್ಷೆಯೂ ಆಗಬೇಕು. ಈ ಸಲದ ತೊಂದರೆ ಬೆನ್ನುಹುರಿಯದೋ ತಲೆಬುರುಡೆಯದೋ ಆಗಿದ್ದರೆ ಎಲ್ಲರಿಗೂ ಕೊಡುವ 400 ಮೈಕ್ರೋಗ್ರಾಮಿನ ಫೋಲಿಕ್ ಆಸಿಡ್ ಸಾಲದು. ಅದರ ಹತ್ತು ಪಟ್ಟು, 4–5 ಮಿಲಿಗ್ರಾಮಿನ ಮಾತ್ರೆಯನ್ನು ಮುಟ್ಟು ನಿಂತ ಮೇಲಲ್ಲ, ಇನ್ನೊಂದು ಮಗು ಬೇಕೆಂದುಕೊಂಡ ತಿಂಗಳಿನಿಂದಲೇ ಡಾಕ್ಟರನ್ನು ಕೇಳಿ ಶುರು ಮಾಡಿ, 12 ವಾರ ತುಂಬುವವರೆಗೆ ತೆಗೆದುಕೊಳ್ಳಬೇಕು.